ಅಂಕಿತವಿಲ್ಲದ ಹಾಡು

ಲಿವೋನಿಯಾದ ಪದ್ಮನನ್ನು ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡಿಗರು ಇವತ್ತು ಕೈಮುಗಿದು ಮಾತಾಡಿಸುತ್ತಾರೆ. ನಾಲ್ಕು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ಕಾರ್ಯಕ್ರಮಗಳಲ್ಲಿ ಪುಳಿಯೋಗರೆ ಟ್ರೇ ಹಿಂದೆ ಸೌಟು ಹಿಡಿದು ನಿಲ್ಲುವ ಹೆಂಗಸರ ಸಾಲಿನಲ್ಲಿ ಆಕೆ ಎಡದಿಂದ ಮೂರನೆಯವಳೋ ನಾಲ್ಕನೆಯವಳೋ ಆಗಿದ್ದಳು. ಜನರಿಂದ ಗೌರವ ಬೇಕಾದರೆ ಏನಾದರೂ ಸಾಧಿಸಬೇಕು ಎಂದು ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಪದ್ಮ ಏನನ್ನೂ ಸಾಧಿಸಲಿಲ್ಲ, ಕಳೆದುಕೊಂಡಳು. ಅದು ಇನ್ನೂ ಬೇಗ ಕೆಲಸ ಮಾಡಿತು.

ಹುಟ್ಟಿದ್ದು ಮೈಸೂರಿನ ಚಾಮುಂಡಿಪುರಂನಲ್ಲಿ. ಓದಿದ್ದು ಬಿಎಸ್ಸಿ, ಕಲಿತಿದ್ದು ಪಕ್ಕದ ಬೀದಿಯ ಮೇಷ್ಟರ ಹತ್ತಿರ ಆರು ವರ್ಷ ಸಂಗೀತ. ಮದುವೆಯಾಗಿ ಮಿಶಿಗನ್‌ಗೆ ಬಂದಾಗ ಇಪ್ಪತ್ತಾರು ವಯಸ್ಸು. ಗಂಡ ಹೃಷೀಕೇಶ ಡಿಯರ್‌ಬಾರ್ನ್‌ನಲ್ಲಿ ಕಾರಿನ ಸೀಟುಗಳ ಎಂಜಿನಿಯರ್. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಅವರ ಸೋಫಾ ಒತ್ತಿ ನೋಡುವ ಮನುಷ್ಯ. ಒಬ್ಬಳೇ ಮಗಳು ಇಂಚರ.

ಇಂಚರ ಸ್ಕೂಲಿಗೆ ಸೇರಿದ ಮೇಲೆ ಪದ್ಮ ಲಿವೋನಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಕಾರಿನ ಬಾಗಿಲ ಸುತ್ತ ಕೂರುವ ರಬ್ಬರ್ ಪಟ್ಟಿಗಳನ್ನು ಮಾಡುವ ಜಾಗ ಅದು. ಪಟ್ಟಿಯ ಎರಡು ತುದಿಗಳನ್ನು ಅಂಟಿಸಿದ ಕಡೆ ಬೆರಳಾಡಿಸಿ ನೋಡುವುದು ಅವಳ ಕೆಲಸ. ಅಂಟು ಸರಿಯಾಗಿ ಕೂತಿಲ್ಲದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಪಕ್ಕದ ಕೆಂಪು ಡಬ್ಬಕ್ಕೆ ಎಸೆಯಬೇಕು. ಹನ್ನೆರಡು ವರ್ಷ ಹೀಗೆ ಎಸೆದ ಹೆಂಗಸಿಗೆ ದೇವರ ಮೇಲೂ ಒಮ್ಮೆ ಬೆರಳಾಡಿಸಿ ನೋಡೋಣ ಎಂದು ಅನ್ನಿಸಲೇ ಇಲ್ಲ. ಅವನು ಸರಿಯಾಗಿಯೇ ಇದ್ದಾನೆ ಎಂದು ನಂಬಿದ್ದಳು.

ನಂಬಿದ್ದಳು ಮಾತ್ರವಲ್ಲ, ಅವನ ಮೇಲೆ ಹಾಡು ಬರೆಯುತ್ತಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾರ್ಖಾನೆಯ ಪಾರ್ಕಿಂಗ್ ಲಾಟ್‌ಗೆ ಬಂದು, ಕಾರಿನಲ್ಲಿ ಹೀಟರ್ ಹಾಕಿಕೊಂಡು, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬರೆದ ದೇವರನಾಮಗಳು ಇಪ್ಪತ್ತಮೂರು. ದೇವರನಾಮ ಬರೆಯುವವರು ಕೊನೆಯ ಚರಣದಲ್ಲಿ ತಮ್ಮ ದೇವರ ಹೆಸರನ್ನು ರುಜು ಹಾಕಿದ ಹಾಗೆ ಸೇರಿಸುತ್ತಾರೆ. ಅದು ಅಂಕಿತ. ಪದ್ಮ ಇಟ್ಟುಕೊಂಡ ಅಂಕಿತ ‘ಹಿಮಪುರ ವಿಠಲ’. ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಊರಿಗೆ ಬಂದು ನೆಲೆಸಿದ ವಿಠಲ.

‘ನಿನ್ನ ವಿಠಲ ಫೆಬ್ರವರಿಯಲ್ಲಿ ಬರೀ ಮೈಲಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ರೆ ನ್ಯುಮೋನಿಯಾ ಗ್ಯಾರಂಟಿ ಕಣೇ’ ಎಂದು ಹೃಷೀಕೇಶ ಛೇಡಿಸುತ್ತಿದ್ದ. ‘ಒಂದು ಜಾಕೆಟ್ ಆದ್ರೂ ಹೊಲಿಸಿಕೊಡು.’

ಆ ಹಾಡುಗಳನ್ನು ಹಾಡುತ್ತಿದ್ದದ್ದು ಸ್ವರೂಪಾಳ ಭಜನೆ ಗುಂಪು. ಸ್ವರೂಪಾ ದಂತವೈದ್ಯೆ. ಬಾಯಿ ತೆರೆಸುವುದು, ತನಗೆ ಬೇಕಾದ್ದನ್ನು ಒಳಗೆ ಕೂರಿಸುವುದು, ಆಮೇಲೆ ನೋವಾಯಿತೇ ಎಂದು ಕೇಳುವುದು, ಕ್ಲಿನಿಕ್ಕಿನಲ್ಲೂ ಹೊರಗೂ ಅವಳ ಕ್ರಮ ಒಂದೇ. ಒಳ್ಳೆಯವಳು, ಅದರಲ್ಲಿ ಅನುಮಾನ ಬೇಡ. ಅವಳ ಮನೆಯ ಬೇಸ್‌ಮೆಂಟಿನಲ್ಲಿ ಪ್ರತಿ ಶನಿವಾರ ಒಂಬತ್ತು ಜನ ಹೆಂಗಸರು ಜಮಖಾನದ ಮೇಲೆ ಕೂತು ಹಾಡುತ್ತಿದ್ದರು. ಹಾಡಿನ ಸಾಹಿತ್ಯವನ್ನು ಗೋಡೆಯ ಟಿವಿಯ ಮೇಲೆ ಹಾಕುವವನು ಅವಳ ಗಂಡ ಶ್ಯಾಮ್. ಆಮೇಲೆ ಊಟ.

ನಾಲ್ಕು ವರ್ಷದ ಹಿಂದಿನ ಆ ಜನವರಿಯಲ್ಲಿ ಸಂಕ್ರಾಂತಿಗೆ ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಒಂದು ಬ್ಯಾಂಕ್ವೆಟ್ ಹಾಲಿನಲ್ಲಿ ಭಜನೆ ಸ್ಪರ್ಧೆ ಇತ್ತು. ಶಿಕಾಗೋ ಕಡೆಯವರನ್ನು ಸೋಲಿಸಬೇಕೆಂದು ಇವರು ಎರಡು ತಿಂಗಳು ಗಂಟಲು ಹರಿದುಕೊಂಡಿದ್ದರು. ಇಂಚರಳಿಗೆ ಹದಿನೇಳು. ಧ್ವನಿ ಚೆನ್ನಾಗಿತ್ತು, ಆಸೆ ಇರಲಿಲ್ಲ.

‘ಅಮ್ಮಾ, ಐ ಡೋಂಟ್ ವಾಂಟ್ ಟು ಗೋ. ಪ್ಲೀಸ್’ ಎಂದಳು.

‘ಒಂದು ದಿನ ದೇವರಿಗೆ ಕೊಡಕ್ಕಾಗಲ್ವಾ ನಿಂಗೆ?’ ಎಂದಳು ಪದ್ಮ.

ಆ ಮಾತನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳು ಎಂದು ಹೇಳುವುದು ಬೇಡ. ಹಿಂದಿನ ವಾರವಷ್ಟೇ ಹೊಸ ಕಾರು ಬಂದಿತ್ತು. ದೇವಸ್ಥಾನದ ಪಾರ್ಕಿಂಗ್ ಲಾಟ್‌ನಲ್ಲಿ ಪೂಜೆ ಮಾಡಿಸಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು, ಹೃಷೀಕೇಶ ಕಾರನ್ನು ಮುಂದೆ ಬಿಟ್ಟು ಅವನ್ನು ಪಚಕ್ ಅನ್ನಿಸಿದ್ದ. ದೃಷ್ಟಿಯೆಲ್ಲ ಹೋಯಿತು ಎಂದು ಪದ್ಮ ಕೈಮುಗಿದಿದ್ದಳು.

ಇವರಿಗೆ ಎರಡನೆಯ ಬಹುಮಾನ ಬಂತು. ಮೂರು ಗಂಟೆಗೆ ಹೆಂಗಸರೆಲ್ಲ ಸ್ವರೂಪಾಳ ವ್ಯಾನ್ ಹತ್ತಿದರು. ಇಂಚರ ಅಲ್ಲಿ ಸಿಕ್ಕಿದ ಗೆಳತಿಯರ ಜೊತೆ ಪಿಜ್ಜಾ ತಿಂದು ಬರುತ್ತೇನೆಂದಳು. ಅಪ್ಪ ಕಾಯುತ್ತೇನೆಂದ. ಪದ್ಮನೂ ಉಳಿಯುವವಳೇ, ಆದರೆ ‘ನೀವಿಲ್ದೆ ವ್ಯಾನಲ್ಲಿ ಹಾಡೋರ್ ಯಾರು’ ಎಂದು ಸ್ವರೂಪಾ ಕೈಹಿಡಿದು ಹತ್ತಿಸಿಕೊಂಡಳು. ಇಂಡಿಯಾನಾ ದಾಟಿ ಮಿಶಿಗನ್‌ಗೆ ಬರುವಾಗ ಐ-94 ಹೆದ್ದಾರಿಯಲ್ಲಿ ಮಿಶಿಗನ್ ಸರೋವರದ ಕಡೆಯಿಂದ ಹಿಮ ಬೀಳಲು ಶುರುವಾಗಿತ್ತು. ವ್ಯಾನು ಮೆಲ್ಲಗೆ ದಾಟಿಕೊಂಡಿತು. ಒಂದು ಗಂಟೆ ಹಿಂದೆ ಬರುತ್ತಿದ್ದ ಕಾರು ದಾಟಲಿಲ್ಲ. ಟ್ರಕ್ಕುಗಳೂ ಕಾರುಗಳೂ ಸೇರಿ ಮೂವತ್ತೆಂಟು ಗಾಡಿ ಒಂದರ ಮೇಲೊಂದು ಬಿದ್ದವು. ಇವರದ್ದು ಹತ್ತೊಂಬತ್ತನೆಯದು.

ಪದ್ಮ ಮನೆಗೆ ಬಂದು ಅನ್ನಕ್ಕಿಟ್ಟಳು. ಸಾರು ಎರಡು ಸಲ ಬಿಸಿ ಮಾಡಿದಳು. ಬಾಗಿಲು ತಟ್ಟಿದವರು ಪೊಲೀಸರು.

ಅಪಘಾತವಾದದ್ದು ಏಳು ಗಂಟೆ ಹತ್ತು ನಿಮಿಷಕ್ಕೆ ಎಂದು ಆಮೇಲೆ ತಿಳಿಯಿತು. ಗಂಡ ಆ ಕ್ಷಣವೇ ಹೋಗಿದ್ದ, ಮಗಳು ಇಪ್ಪತ್ತು ನಿಮಿಷ ಜೀವ ಹಿಡಿದುಕೊಂಡು ಕೂಗುತ್ತಿದ್ದಳು ಎಂದೂ ತಿಳಿಯಿತು. ಹಿಂದಿನ ಕಾರಿನಲ್ಲಿ ಬದುಕಿ ಉಳಿದ ಒಬ್ಬ ನರ್ಸ್, ತಾಯಿಗೆ ಗೊತ್ತಿರಲಿ ಎಂಬ ಒಳ್ಳೆಯ ಮನಸ್ಸಿನಿಂದ, ಅದನ್ನು ಕಾಗದ ಬರೆದು ತಿಳಿಸಿದಳು. ಆ ಹೊತ್ತಿಗೆ ವ್ಯಾನಿನಲ್ಲಿ ಏನು ನಡೆಯುತ್ತಿತ್ತು ಎಂದು ಗುಂಪಿನ ಹೆಂಗಸರು ಕೂತು ನೆನಪಿಸಿಕೊಂಡರು. ಪದ್ಮನೇ ಎತ್ತಿಕೊಟ್ಟ ಹಿಮಪುರ ವಿಠಲನ ಹಾಡು ನಡೆಯುತ್ತಿತ್ತು.

‘ನೋಡಿ, ಪ್ರಾಣ ಹೋಗೋ ಹೊತ್ತಿಗೆ ಇಲ್ಲಿ ದೇವರ ನಾಮ ನಡೀತಿತ್ತು. ಖಂಡಿತ ಸದ್ಗತಿ ಸಿಕ್ಕಿರತ್ತೆ’ ಎಂದಳು ಸ್ವರೂಪಾ, ಪದ್ಮನ ಬೆನ್ನು ಸವರುತ್ತ. ಉಳಿದವರು ಹೌದು ಹೌದು ಎಂದರು. ಯಾರಾದರೂ ತನ್ನ ಕೆನ್ನೆಗೆ ಬಾರಿಸಿದ್ದರೆ ಪದ್ಮನಿಗೆ ಅದಕ್ಕಿಂತ ಹಿತವಾಗಿರುತ್ತಿತ್ತು.

ಹೆಂಗಸರು ಅವಳನ್ನು ಕೈಬಿಡಲಿಲ್ಲ. ಆನ್‌ಲೈನಿನಲ್ಲಿ ಪಟ್ಟಿ ಮಾಡಿ, ಸೋಮವಾರ ಇವರ ಮನೆಯ ಸಾರು, ಮಂಗಳವಾರ ಅವರ ಮನೆಯ ಪಲ್ಯ ಎಂದು ಮೂರು ತಿಂಗಳು ಊಟ ತಂದುಕೊಟ್ಟರು. ಮನೆ ಮಾರಿ ಲಿವೋನಿಯಾದಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಬಂದಾಗ ಪೆಟ್ಟಿಗೆ ಹೊತ್ತವರೂ ಅವರೇ. ದೇವರ ವಿಗ್ರಹಗಳನ್ನು ಪದ್ಮ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ಹೊಸ ಮನೆಯ ಕೋಟು ನೇತುಹಾಕುವ ಗೂಡಿನಲ್ಲಿ ಬೂಟುಗಳ ಹಿಂದೆ ತಳ್ಳಿದಳು. ಅದನ್ನು ಮತ್ತೆ ತೆರೆಯಲಿಲ್ಲ. ‘ಪೂಜೆ ಮಾಡ್ತಿದೀರಾ?’ ಎಂದು ಯಾರಾದರೂ ಕೇಳಿದರೆ ಹೂಂ ಎನ್ನುತ್ತಿದ್ದಳು. ಇಲ್ಲ ಎಂದರೆ ಅವರು ಬಂದು ಮಾಡಿಕೊಟ್ಟು ಹೋಗುತ್ತಿದ್ದರು.

ಶನಿವಾರದ ಭಜನೆಗೆ ಮಾತ್ರ ತಪ್ಪಿಸಲಿಲ್ಲ. ವಾರದ ಐದು ದಿನವನ್ನು ರಬ್ಬರ್ ಪಟ್ಟಿ ನುಂಗುತ್ತಿತ್ತು. ಶನಿವಾರ ನುಂಗಲು ಏನಾದರೂ ಬೇಕಿತ್ತು. ಅಲ್ಲಿ ಹೋದರೆ ಹಾರ್ಮೋನಿಯಂ ಸದ್ದು, ಯಾರದೋ ಸೊಸೆಯ ಮೇಲಿನ ದೂರು, ಬಿಸಿ ಊಟ. ದೇವರನ್ನು ಬಿಟ್ಟವಳು ಭಜನೆಯನ್ನು ಬಿಡಲಾರದೆ ಹೋದಳು. ಒಂಟಿಯಾಗಿ ಶನಿವಾರ ಕಳೆದವರಿಗೆ ಇದು ಅರ್ಥವಾಗುತ್ತದೆ.

ಎರಡನೆಯ ವರ್ಷ ಶ್ರಾವಣದಲ್ಲಿ ಸ್ವರೂಪಾ ಅವಳನ್ನು ಅಡುಗೆಮನೆಗೆ ಕರೆದು ಬಾಗಿಲು ಸರಿಸಿದಳು.

‘ಪದ್ಮ ಅವ್ರೇ, ದೀಪಾವಳಿ ಕಾರ್ಯಕ್ರಮಕ್ಕೆ ಒಂದು ಹಾಡು ಬರ್ಕೊಡ್ಬೇಕು ನೀವು. ಎಲ್ಲಾ ಕಳ್ಕೊಂಡ್ರೂ ನಂಬಿಕೆ ಕಳ್ಕೊಂಡಿಲ್ಲ ಅನ್ನೋ ಥೀಮು. ನಾನೂರು ಜನ ಬರ್ತಾರೆ. ನಿಮ್ಮನ್ನ ಬಿಟ್ರೆ ಇದನ್ನ ಬರೆಯೋ ಅರ್ಹತೆ ಇನ್ಯಾರಿಗಿದೆ ಹೇಳಿ?’

ಅರ್ಹತೆ ಎಂಬ ಮಾತು ಕೇಳಿ ಪದ್ಮನಿಗೆ ನಗು ಬಂತು. ಬೇಡ ಎನ್ನಲು ಬಾಯಿ ತೆರೆದವಳಿಗೆ ಥಟ್ಟನೆ ಇನ್ನೊಂದು ಹೊಳೆಯಿತು. ನಾನೂರು ಜನ, ಕೈಯಲ್ಲಿ ಮೈಕು, ಎದುರಿಗೆ ಹೂವು ಹಾಕಿದ ದೇವರ ಫೋಟೋ. ಇಷ್ಟು ದಿನ ಎಲ್ಲಿ ಹೇಳಬೇಕೆಂದು ತಿಳಿಯದೆ ಬೂಟುಗಳ ಹಿಂದೆ ತಳ್ಳಿದ್ದನ್ನು ಅಲ್ಲಿ ಹೇಳಬಹುದು. ಒಂದೇ ಸಲ, ಎಲ್ಲರಿಗೂ, ಅವನಿಗೂ. ಆಮೇಲೆ ಯಾರೂ ಪೂಜೆ ಮಾಡುತ್ತೀಯಾ ಎಂದು ಕೇಳುವುದಿಲ್ಲ. ಸದ್ಗತಿ ಎಂದು ಬೆನ್ನು ಸವರುವುದಿಲ್ಲ.

‘ಬರೀತೀನಿ’ ಎಂದಳು.

ಬರೆಯಲು ಮೂರು ಮಧ್ಯಾಹ್ನ ಸಾಕಾಯಿತು. ಅದೇ ಪಾರ್ಕಿಂಗ್ ಲಾಟ್, ಅದೇ ಮೊಸರನ್ನ. ಮೊದಲು ಬರೆದ ಇಪ್ಪತ್ತಮೂರಕ್ಕೂ ಪದ ಹುಡುಕಿ ಒದ್ದಾಡಿದ್ದವಳಿಗೆ ಇದು ತಾನಾಗಿ ಬಂತು.

ಕಾದೆ ನಾ ಬಾಗಿಲಲಿ ಅನ್ನ ಬಿಸಿಯಾಗಿಟ್ಟು
ಕಾಯಲಿಲ್ಲವೊ ನೀನು ಹಾದಿಯಲ್ಲಿ

ಚಕ್ರದಡಿ ನಿಂಬೆಯನು ಇಟ್ಟು ಕೈಮುಗಿದರೆ
ಸಾಲದಾಯಿತೆ, ಎರಡು ತಲೆಯು ಬೇಕಾಯಿತೆ

ಹಿಮದೊಳಗೆ ಮಗಳು ಕೂಗುತಲಿದ್ದ ಗಳಿಗೆಯಲಿ
ನಿನ್ನನೇ ಹಾಡುತಿದ್ದೆನೊ ಕಿವುಡನೆ

ದೀಪವಾರಿಸಿದೆ ನಾ, ಗೂಡ ಮುಚ್ಚಿದೆ ನೋಡು
ಇನ್ನು ನಿನ್ನಯ ಹೆಸರು ನನ್ನ ಬಾಯಲಿ ಇಲ್ಲ

ಅಲ್ಲಿಗೆ ನಿಲ್ಲಿಸಿದಳು. ಅಂಕಿತ ಹಾಕಲಿಲ್ಲ. ಹಾಕದೆ ಇದ್ದದ್ದೇ ಆ ಹಾಡಿನ ಮಾತು. ಮೇಷ್ಟರು ಕಲಿಸಿದ ರಾಗವೊಂದರಲ್ಲಿ ಕೂರಿಸಿ, ‘ಇಲ್ಲ’ ಎಂಬುದು ತಾಳದ ಪೆಟ್ಟಿನ ಮೇಲೇ ಬಂದು ಬೀಳುವ ಹಾಗೆ ಮಾಡಿದಳು. ಬಾಗಿಲು ಹಾಕಿದ ಹಾಗೆ ಮುಗಿಯಬೇಕು ಅದು. ಕಾರಿನಲ್ಲಿ ಒಬ್ಬಳೇ ಹಾಡಿ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಹಸಿವಾಯಿತು, ಡಬ್ಬಿ ಖಾಲಿ ಮಾಡಿದಳು.

ಬೇಸ್‌ಮೆಂಟಿನಲ್ಲಿ ಹಾಡಿ ತೋರಿಸಿದಾಗ ಹೆಂಗಸರು ಉಸಿರು ಬಿಗಿಹಿಡಿದು ಕೂತರು. ನಿಂಬೆಹಣ್ಣಿನ ಸಾಲಿಗೆ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಮುಗಿದಾಗ ಪದ್ಮ ಎಲ್ಲರ ಮುಖ ನೋಡಿದಳು. ಈಗ ಯಾರಾದರೂ ಏಳುತ್ತಾರೆ, ಇದನ್ನು ಹಾಡಲಾಗದು ಎನ್ನುತ್ತಾರೆ, ಜಗಳವಾಗುತ್ತದೆ ಎಂದು ಕಾದಳು. ಅವಳು ಜಗಳಕ್ಕೆ ತಯಾರಾಗಿ ಬಂದಿದ್ದಳು.

‘ನಿಂದಾಸ್ತುತಿ!’ ಎಂದಳು ಸ್ವರೂಪಾ, ಕಣ್ಣೊರೆಸಿಕೊಂಡು. ‘ಎಂಥಾ ನಿಂದಾಸ್ತುತಿ ರೀ! ದಾಸರು ಬೈದ ಹಾಗೇ ಇದೆ.’

ಕನ್ನಡದ ಭಕ್ತರಿಗೆ ಇದೊಂದು ಹಳೆಯ ಅಭ್ಯಾಸ. ದೇವರನ್ನು ಸಲಿಗೆಯಿಂದ ಬೈಯುವ ಹಾಡುಗಳಿವೆ. ಬೈದಷ್ಟೂ ಭಕ್ತಿ ದೊಡ್ಡದು. ನಾಲ್ಕುನೂರು ಐನೂರು ವರ್ಷದಿಂದ ಅಂಥವನ್ನು ಕೇಳಿಕೊಂಡು ಬಂದ ಕಿವಿಗಳ ಮುಂದೆ ನಿಂತು ಪದ್ಮ ಮನಸಾರೆ ಬೈದಿದ್ದಳು. ಪಾಪ, ಎಂಥ ಜನರ ಮುಂದೆ ನಿಂತಿದ್ದೇನೆಂದು ಆಕೆ ಯೋಚಿಸಿರಲಿಲ್ಲ.

‘ಇದು ನಿಂದಾಸ್ತುತಿ ಅಲ್ಲ’ ಎಂದಳು ಪದ್ಮ. ‘ನಾನು ನಿಜವಾಗ್ಲೂ ಹೇಳ್ತಿದೀನಿ.’

‘ಅದೇ ರೀ ನಾನೂ ಹೇಳ್ತಿರೋದು. ನಿಜವಾಗಿ ಹೇಳಿದ್ರೇನೇ ಭಕ್ತಿ. ಬೈಯೋದೂ ಭಕ್ತಿನೇ. ಅವನು ನಮ್ಮೋನು ಅಂತಿದ್ರೆ ತಾನೇ ಬೈಯೋದು?’

‘ಸ್ವರೂಪಾ, ನನಗೆ ಅವನು ಬೇಡ.’

ಸ್ವರೂಪಾ ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು. ‘ಗೊತ್ತು. ಅವನಿಗೂ ಗೊತ್ತು’ ಎಂದು ಕಿವಿಯಲ್ಲಿ ಹೇಳಿದಳು. ತಬ್ಬಿಕೊಂಡವರ ಜೊತೆ ವಾದ ಮಾಡುವುದು ಹೇಗೆ? ಇರಲಿ, ಕೊನೆಯಲ್ಲಿ ಹೆಸರು ಬರುವುದಿಲ್ಲವಲ್ಲ, ಆಗ ನಾನೂರು ಜನರಿಗೆ ಗೊತ್ತಾಗುತ್ತದೆ ಎಂದುಕೊಂಡಳು ಪದ್ಮ. ಅಂಕಿತವಿಲ್ಲದ ದೇವರನಾಮವನ್ನು ಇವರಲ್ಲಿ ಯಾರೂ ಕೇಳಿಲ್ಲ. ಆ ಖಾಲಿ ಜಾಗ ಅವರಿಗೆ ಹೊಡೆಯಲೇಬೇಕು.

ದೀಪಾವಳಿ ಕಾರ್ಯಕ್ರಮ ಒಂದು ಹೈಸ್ಕೂಲಿನ ಆಡಿಟೋರಿಯಂನಲ್ಲಿ. ಸ್ವರೂಪಾ ಮೈಕಿನಲ್ಲಿ ಪದ್ಮನ ಕಥೆಯನ್ನು ಅಪಘಾತವಾದ ಹೆದ್ದಾರಿಯ ಎಕ್ಸಿಟ್ ನಂಬರಿನ ಸಮೇತ ಹೇಳಿದಳು. ಮುಂದಿನ ಸಾಲಿನವರು ಆಗಲೇ ಟಿಶ್ಯೂ ಹುಡುಕತೊಡಗಿದ್ದರು. ಹಾಡು ಶುರುವಾಯಿತು. ಪಲ್ಲವಿ ಪದ್ಮನದು, ಚರಣಗಳು ಎಲ್ಲರೂ ಸೇರಿ. ಹಿಂದಿನ ಪರದೆಯ ಮೇಲೆ ಸಾಹಿತ್ಯ ಬರುತ್ತಿತ್ತು, ಮಕ್ಕಳಿಗೆ ಓದಲು ಇಂಗ್ಲಿಷ್ ಅಕ್ಷರದಲ್ಲೂ. ಪದ್ಮನಿಗೆ ಪರದೆ ಕಾಣುತ್ತಿರಲಿಲ್ಲ. ಕೊನೆಯ ಸಾಲು ಬಂತು. ‘ನನ್ನ ಬಾಯಲಿ ಇಲ್ಲ’ ಎಂದು ಹಾಡಿ ತಾಳದ ಪೆಟ್ಟಿಗೆ ಸರಿಯಾಗಿ ನಿಲ್ಲಿಸಿದಳು.

ಉಳಿದ ಎಂಟು ಜನ ನಿಲ್ಲಿಸಲಿಲ್ಲ. ‘ಹಿಮಪುರ ವಿಠಲಾ’ ಎಂದು ಎಳೆದರು.

ಪದ್ಮ ತಿರುಗಿ ನೋಡಿದಳು. ಪರದೆಯ ಮೇಲೆ ಅದು ಇತ್ತು, ಹಳದಿ ಬಣ್ಣದಲ್ಲಿ.

ಇನ್ನು ನಿನ್ನಯ ಹೆಸರು ನನ್ನ ಬಾಯಲಿ ಇಲ್ಲ, ಹಿಮಪುರ ವಿಠಲಾ.

ಹೆಸರು ಬಾಯಲ್ಲಿ ಇಲ್ಲ ಎಂದ ಮರುಕ್ಷಣವೇ ಹೆಸರು ಹಿಡಿದು ಕರೆಯುತ್ತಾಳಲ್ಲ, ಆಹಾ, ಬಿಡುತ್ತೇನೆ ಎಂದರೂ ಬಿಡಲಾರಳಲ್ಲ! ನಾನೂರು ಜನ ಎದ್ದು ನಿಂತರು. ಒಬ್ಬ ಮುದುಕರು ಎರಡೂ ಕೈ ತಲೆಯ ಮೇಲೆತ್ತಿ ಮುಗಿದರು. ಅವಳ ಬೀಗಕ್ಕೆ ಇವರೇ ಬೀಗದ ಕೈ ಮಾಡಿ ಬಾಗಿಲು ತೆಗೆದು, ಅವನನ್ನು ಒಳಗೆ ಕರೆತಂದು ಕೂರಿಸಿದ್ದರು.

‘ಆಂಟಿ, ಅಂಕಿತ ಮರ್ತಿದ್ರಿ ನೀವು’ ಎಂದ ಶ್ಯಾಮ್ ವೇದಿಕೆಯ ಪಕ್ಕದಲ್ಲಿ, ಹೆಮ್ಮೆಯಿಂದ. ಅವನಿಗೂ ಐವತ್ತಾಗಿತ್ತು, ಆದರೂ ಅವಳನ್ನು ಆಂಟಿ ಎನ್ನಲು ಶುರುಮಾಡಿದ್ದ. ‘ಸ್ಲೈಡ್ ಮಾಡುವಾಗ ನೋಡ್ದೆ. ನಿಮಗೆ ತೊಂದ್ರೆ ಕೊಡೋದು ಬೇಡ ಅಂತ ನಾನೇ ಸೇರಿಸಿಬಿಟ್ಟೆ. ಇವರಿಗೆಲ್ಲ ನಿನ್ನೆ ಪ್ರಾಕ್ಟೀಸ್ ಮಾಡಿಸಿದ್ಳು ಸ್ವರೂಪಾ.’

ಶಾಲು ಹೊದಿಸಿದರು. ಮೈಕು ಕೈಗೆ ಬಂತು. ಹೇಳಲು ಅದೇ ಹೊತ್ತು. ನಾನು ಮರೆತಿರಲಿಲ್ಲ ಎಂದರೆ ಸಾಕಿತ್ತು, ಎರಡು ಪದ. ಪದ್ಮ ನಾನೂರು ಒದ್ದೆ ಮುಖಗಳನ್ನು ನೋಡಿದಳು. ಎರಡು ವರ್ಷ ತನಗೆ ಅನ್ನ ಹಾಕಿದವರು ಅದರಲ್ಲಿದ್ದರು.

‘ಥ್ಯಾಂಕ್ಯೂ’ ಎಂದಳು.

ಹಾಡು ಬೆಳೆಯಿತು. ವಿಡಿಯೋ ಎಲ್ಲ ಊರಿನ ವಾಟ್ಸಾಪ್ ಗುಂಪುಗಳಿಗೂ ಹೋಯಿತು. ಮಕ್ಕಳ ಸ್ಪರ್ಧೆಗಳಲ್ಲಿ ಏಳೆಂಟು ವರ್ಷದ ಹುಡುಗಿಯರು ‘ಎರಡು ತಲೆಯು ಬೇಕಾಯಿತೆ’ ಎಂದು ಕೈ ತಿರುಗಿಸಿ ಅಭಿನಯಿಸಿ ಬಹುಮಾನ ತಗೊಂಡರು. ಪದ್ಮನಿಗೆ ಪ್ರತಿ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನ ಕುರ್ಚಿ. ಪುಳಿಯೋಗರೆ ಈಗ ಬೇರೆಯವರು ಬಡಿಸುತ್ತಾರೆ, ಅವಳ ತಟ್ಟೆಯನ್ನು ಕೂತಲ್ಲಿಗೇ ತರುತ್ತಾರೆ. ಇಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕುರ್ಚಿ ಮೆತ್ತಗಿತ್ತು. ಹೃಷೀಕೇಶ ಇದ್ದಿದ್ದರೆ ಒತ್ತಿ ನೋಡಿ ಮೆಚ್ಚುತ್ತಿದ್ದ.

ಆದರೆ ಒಂದನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಆ ಹಾಡನ್ನು ಎಲ್ಲಿ ಹಾಡಿದರೂ, ‘ಇಲ್ಲ’ ಎಂಬಲ್ಲಿಗೆ ಬಂದ ಕೂಡಲೇ ತುಟಿ ಮುಚ್ಚಿಬಿಡುತ್ತಿದ್ದಳು. ಉಳಿದವರು ಹೆಸರನ್ನು ಎಳೆದು ಮುಗಿಸುವವರೆಗೆ ಬಾಯಿ ಬಿಗಿಹಿಡಿದು ಕೂತಿರುತ್ತಿದ್ದಳು. ಅಷ್ಟು ಜನರ ಸದ್ದಿನಲ್ಲಿ ಒಂದು ಬಾಯಿ ಮುಚ್ಚಿದ್ದು ಯಾರಿಗೆ ತಿಳಿಯಬೇಕು? ಎರಡು ವರ್ಷದಲ್ಲಿ ಆ ಹೆಸರು ಒಮ್ಮೆಯೂ ಅವಳ ಬಾಯಿಂದ ಬರಲಿಲ್ಲ. ಮಗಳಿಗೆ ಕೊಟ್ಟ ಮಾತು ಎಂದು ಅವಳು ಅದನ್ನು ಇಟ್ಟುಕೊಂಡಿದ್ದಳು. ಎಲ್ಲ ಹೋದ ಮೇಲೂ ಅವಳು ಕಾಪಾಡಿಕೊಂಡ ನಿಷ್ಠೆ ಅದೊಂದೇ.

ಹೋದ ಏಪ್ರಿಲ್‌ನಲ್ಲಿ ಎಲ್ಕ್ ಗ್ರೋವ್ ವಿಲೇಜಿನ ಅನುಜ್ ಮತ್ತು ತನ್ಮಯಿ ದಂಪತಿಯ ಐದು ವರ್ಷದ ಮಗ ಸಮರ್ಥ ತೀರಿಕೊಂಡ. ಮೂರು ದಿನದ ಜ್ವರ, ಅಷ್ಟೇ. ಅನುಜ್ ಸ್ವರೂಪಾಳಿಗೆ ದೂರದ ನೆಂಟ. ತನ್ಮಯಿ ಹದಿನೈದು ದಿನದಿಂದ ಯಾರ ಜೊತೆಗೂ ಮಾತಾಡುತ್ತಿಲ್ಲ, ದೇವರ ಮನೆ ಕಡೆ ತಲೆ ಹಾಕುತ್ತಿಲ್ಲ ಎಂದು ಅವನ ತಾಯಿ ಚಿಕ್ಕತಾಯಮ್ಮ ಫೋನಿನಲ್ಲಿ ಅತ್ತರಂತೆ.

‘ನೀವು ಬಂದು ಆ ಹಾಡು ಹಾಡಿದ್ರೆ ಹುಡುಗಿಗೆ ಧೈರ್ಯ ಬರತ್ತೆ’ ಎಂದಳು ಸ್ವರೂಪಾ. ಈಗ ಪದ್ಮ ಅಂಥ ಮನೆಗಳಿಗೆ ಕರೆದುಕೊಂಡು ಹೋಗುವ ವಸ್ತುವಾಗಿದ್ದಳು.

ಅದೇ ವ್ಯಾನು, ಅದೇ ರಸ್ತೆ. ಆ ಎಕ್ಸಿಟ್ ಹತ್ತಿರ ಬಂದಾಗ ಸ್ವರೂಪಾ ‘ಎಲ್ಲರೂ ಒಂದು ನಿಮಿಷ ಕಣ್ಮುಚ್ಚಿ’ ಎಂದಳು. ಗಾಡಿ ಓಡಿಸುತ್ತಿದ್ದವರೊಬ್ಬರನ್ನು ಬಿಟ್ಟು ಎಲ್ಲರೂ ಮುಚ್ಚಿದರು. ಪದ್ಮ ತೆರೆದುಕೊಂಡೇ ಇದ್ದಳು. ರಸ್ತೆಯ ಬದಿಯ ಹುಲ್ಲು ಹಸಿರಾಗಿತ್ತು, ಕಿತ್ತು ಹೋಗಿದ್ದ ಕಬ್ಬಿಣದ ತಡೆಯನ್ನು ಹೊಸದಾಗಿ ಹಾಕಿದ್ದರು.

ಅನುಜ್ ಮನೆಯ ಹಾಲಿನಲ್ಲಿ ಮೂವತ್ತು ಜನ ಕೂತಿದ್ದರು. ತನ್ಮಯಿ ಗೋಡೆಗೆ ಒರಗಿಕೊಂಡು, ಮಗನ ನೀಲಿ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು, ಎಲ್ಲೋ ನೋಡುತ್ತಿದ್ದಳು. ಹಾಡು ಶುರುವಾದಾಗ ತಲೆ ಎತ್ತಿದಳು. ಎರಡನೆಯ ಚರಣದ ಹೊತ್ತಿಗೆ ಅವಳ ಬೆರಳು ಸ್ವೆಟರಿನ ಮೇಲೆ ತಾಳ ಹಾಕುತ್ತಿತ್ತು. ‘ನೋಡಿದ್ರಾ’ ಎಂದು ಸ್ವರೂಪಾ ಪಕ್ಕದವರಿಗೆ ಕಣ್ಣಲ್ಲೇ ಹೇಳಿದಳು. ಹಾಡು ಮುಗಿದ ಮೇಲೆ ತನ್ಮಯಿ ಎದ್ದು ಬಂದು, ಹದಿನೈದು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

‘ಆಂಟಿ, ನಿಮ್ಮ ಹತ್ರ ಒಬ್ಬರ ಹತ್ರಾನೇ ಮಾತಾಡ್ಬೇಕು.’

ಚಿಕ್ಕತಾಯಮ್ಮ ಮೊಮ್ಮಗನ ಫೋಟೋಗೆ ಕೈಮುಗಿದರು. ‘ಮಾತಾಡ್ತು ಕನವ್ವ, ನನ್ ಸೊಸೆ ಮಾತಾಡ್ತು’ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಕರೆದುಕೊಂಡು ಹೋದದ್ದು ಹುಡುಗನ ಕೋಣೆಗೆ. ತನ್ಮಯಿ ಬಾಗಿಲು ಹಾಕಿದಳು. ಪುಟ್ಟ ಮಂಚದ ತುದಿಯಲ್ಲಿ ಪದ್ಮನನ್ನು ಕೂರಿಸಿ ತಾನು ನೆಲದ ಮೇಲೆ ಕೂತಳು.

‘ಆಂಟಿ, ನಾನು ಹತ್ತು ವರ್ಷ ಸಂಗೀತ ಕಲಿತಿದೀನಿ. ಆ ಕೊನೇ ಹೆಸರು ನೀವು ಬರ್ದಿದ್ದಲ್ಲ, ಅಲ್ವಾ?’

ಪದ್ಮ ಬಾಗಿಲ ಕಡೆ ನೋಡಿದಳು.

‘ಹಾಡು ‘ಇಲ್ಲ’ ಅನ್ನೋ ಕಡೆನೇ ಮುಗಿದುಹೋಗತ್ತೆ. ಅದರ ಮುಂದೆ ರಾಗದಲ್ಲಿ ಜಾಗನೇ ಇಲ್ಲ. ಆ ಹೆಸರು ಯಾರೋ ತಂದು ಅಂಟಿಸಿದ ಹಾಗಿದೆ. ಮತ್ತೆ… ಅಲ್ಲಿಗೆ ಬಂದಾಗ ನೀವು ಬಾಯಿ ಮುಚ್ಕೊಂಡ್ರಿ. ನಾನು ನೋಡ್ತಿದ್ದೆ.’

ಅಂಟಿಸಿದ ಜಾಗದ ಮೇಲೆ ಕೊನೆಗೂ ಒಬ್ಬಳು ಬೆರಳಿಟ್ಟಿದ್ದಳು. ನಾನೂರು ಜನರಲ್ಲಿ ಪದ್ಮ ಹುಡುಕಿದ್ದು ಇವಳನ್ನೇ.

‘ಎಲ್ಲರೂ ಅವನ ಪ್ಲಾನ್ ಅಂತಾರೆ ಆಂಟಿ. ಅವನಿಗೆ ಸಮರ್ಥ ತುಂಬ ಇಷ್ಟವಾಗಿ ಕರ್ಕೊಂಡ ಅಂತಾರೆ. ನಂಗೆ ಆ ದೇವರ ಫೋಟೋ ತೆಗೆದು ಒಡೆದುಹಾಕೋಣ ಅನ್ಸತ್ತೆ. ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದಾರೆ ಎಲ್ಲ. ನೀವು ನಿಜವಾಗ್ಲೂ ಅವನನ್ನ ಬಿಟ್ಬಿಟ್ರಿ, ಅಲ್ವಾ? ಹೌದು ಅಂತ ಒಂದ್ಸಲ ಹೇಳಿ, ಸಾಕು. ನಾನು ಯಾರಿಗೂ ಹೇಳಲ್ಲ. ನನ್ನ ಹಾಗೆ ಇನ್ನೊಬ್ರು ಇದಾರೆ ಅಂತ ಗೊತ್ತಾದ್ರೆ ಸಾಕು ನಂಗೆ.’

ಹುಡುಗಿಯ ಕಣ್ಣು ಪದ್ಮನ ಮುಖದ ಮೇಲೆ ನೆಟ್ಟಿತ್ತು. ಬಾಗಿಲು ಹಾಕಿತ್ತು. ಪಕ್ಕದಲ್ಲಿ ಸ್ವರೂಪಾ ಇರಲಿಲ್ಲ, ಪರದೆ ಇರಲಿಲ್ಲ, ಮೈಕು ಇರಲಿಲ್ಲ. ಪದ್ಮನಿಗೆ ಹೇಳಿಕೊಳ್ಳಲು ಒಂದು ನೆಪವೂ ಇರಲಿಲ್ಲ. ಹೌದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಶನಿವಾರ ನೆನಪಾಯಿತು. ಯಾರಿಗೂ ಹೇಳಲ್ಲ ಎನ್ನುತ್ತಾಳೆ, ದುಃಖದಲ್ಲಿರುವವಳು, ನಾಳೆ ಗಂಡನಿಗೆ ಹೇಳುತ್ತಾಳೆ, ಗಂಡ ಸ್ವರೂಪಾಳಿಗೆ. ಆಮೇಲೆ? ಮುಂದಿನ ಸಾಲಿನ ಕುರ್ಚಿ ಹೋಗಲಿ, ಬೇಸ್‌ಮೆಂಟಿನ ಜಮಖಾನದ ಮೇಲಿನ ಜಾಗ? ಕೂತಲ್ಲಿಗೆ ಬರುವ ತಟ್ಟೆ? ಒಂದು ಬೆಡ್‌ರೂಮಿನ ಮನೆಯಲ್ಲಿ ವರ್ಷಕ್ಕೆ ಐವತ್ತೆರಡು ಶನಿವಾರ. ಗಂಡ ಮಗಳನ್ನು ಕಳೆದುಕೊಂಡವಳಿಗೆ ಇನ್ನು ಕಳೆದುಕೊಳ್ಳಲು ಏನೂ ಇಲ್ಲ ಎಂದು ಜನ ತಿಳಿದಿದ್ದರು. ಇತ್ತು. ಅದು ಇಷ್ಟೇ ಇಷ್ಟಿತ್ತು, ಅದಕ್ಕೇ ಅವಳು ಹೆದರಿದಳು.

‘ಹಾಗೆಲ್ಲ ಅನ್ಬಾರ್ದು ಮಗು’ ಎಂದಳು ಪದ್ಮ. ತನ್ನ ದನಿ ತನಗೇ ಸ್ವರೂಪಾಳ ದನಿಯ ಹಾಗೆ ಕೇಳಿಸಿತು. ‘ಆ ಹೆಸರು ನಾನೇ ಬರ್ದಿದ್ದು. ಅಂಕಿತ ಇಲ್ದೆ ದೇವರನಾಮ ಆಗತ್ತಾ? ಕೊನೇಲಿ ಉಸಿರು ಸಾಲ್ದೆ ನಿಲ್ಲಿಸ್ತೀನಿ, ವಯಸ್ಸಾಯ್ತಲ್ಲ. ಬೈಯೋದೂ ಭಕ್ತಿನೇ ಕಣಮ್ಮ.’

ತನ್ಮಯಿ ನಂಬಲಿಲ್ಲ. ನಂಬಿಲ್ಲವೆಂಬುದು ಪದ್ಮನಿಗೂ ಕಂಡಿತು. ಆಮೇಲೆ ಹುಡುಗಿಯ ಮುಖದಿಂದ ಏನೋ ಎದ್ದು ಹೊರಟುಹೋಯಿತು. ಸ್ವೆಟರನ್ನು ತೋಳಿನ ಮೇಲೆ ತೋಳಿಟ್ಟು ಅಚ್ಚುಕಟ್ಟಾಗಿ ಮಡಿಸಿದಳು.

‘ಓಕೆ ಆಂಟಿ’ ಎಂದಳು. ‘ಥ್ಯಾಂಕ್ಯೂ.’

ಆ ಥ್ಯಾಂಕ್ಯೂ ಪದ್ಮನಿಗೆ ಗೊತ್ತಿದ್ದದ್ದೇ. ನಾನೂರು ಜನರ ಮುಂದೆ ಶಾಲು ಹೊದ್ದುಕೊಂಡು ತಾನು ಹೇಳಿದ್ದು ಅದನ್ನೇ. ತನಗೆ ಅವರು ಮಾಡಿದ್ದನ್ನು ತಾನು ಈ ಹುಡುಗಿಗೆ ಮಾಡಿದ್ದಳು, ಅವರು ತಿಳಿಯದೆ ಮಾಡಿದ್ದರು, ತಾನು ತಿಳಿದೇ ಮಾಡಿದ್ದಳು. ಈಗಲೂ ಹೇಳಬಹುದು ಎಂದುಕೊಂಡಳು.

ಬಾಗಿಲು ತೆರೆಯಿತು. ಚಿಕ್ಕತಾಯಮ್ಮ, ಅವರ ಹಿಂದೆ ಸ್ವರೂಪಾ, ಅವಳ ಹಿಂದೆ ಇಣುಕುವ ಇನ್ನಷ್ಟು ಮುಖಗಳು.

‘ಕಾಲ್ಗೆ ಬೀಳವ್ವ, ಪುಣ್ಯಾತ್ಗಿತ್ತಿ ಅವ್ರು’ ಎಂದರು ಚಿಕ್ಕತಾಯಮ್ಮ, ಸೊಸೆಯ ಭುಜ ಹಿಡಿದು.

ತನ್ಮಯಿ ಬಾಗಿದಳು. ಯಾರು ಏನು ಹೇಳಿದರೂ ಬಾಗುವವಳ ಹಾಗೆ ಬಾಗಿದಳು. ಅವಳ ಹಣೆ ಪದ್ಮನ ಪಾದಕ್ಕೆ ತಾಗಿತು. ಎಲ್ಲರೂ ಪದ್ಮನ ಬಾಯನ್ನೇ ನೋಡುತ್ತಿದ್ದರು. ಆಶೀರ್ವಾದ ಮಾಡಬೇಕಿತ್ತು. ಪದ್ಮ ಆ ಕೂದಲಿನ ಮೇಲೆ ಕೈಯಿಟ್ಟಳು.

‘ಹಿಮಪುರ ವಿಠಲ ಕಾಪಾಡ್ಲಿ’ ಎಂದಳು.